ನಿಮ್ಮ ಹೆಸರಿನಲ್ಲಿ ಇನ್ನೊಬ್ಬರು ಓಡಾಡದಂತೆ: ಗುರುತಿನ ಕಳ್ಳತನಕ್ಕೆ ತಡೆ ಹಾಕುವ ಬಗೆ

1938ರಲ್ಲಿ ಅಮೆರಿಕದ ಲಾಕ್‌ಪೋರ್ಟ್ ಎಂಬ ಊರಿನ ಪರ್ಸ್ ಕಂಪನಿಯೊಂದಕ್ಕೆ ಒಂದು ಉಪಾಯ ಹೊಳೆಯಿತು. ದುಡಿಯುವವರಿಗೆ ಸರ್ಕಾರ ಒಂದೊಂದು ಸಂಖ್ಯೆ ಕೊಡುವ ಸೋಶಿಯಲ್ ಸೆಕ್ಯುರಿಟಿ ಕಾರ್ಡ್ ಆಗಿನ್ನೂ ಹೊಸತು. ಅದು ತಮ್ಮ ಪರ್ಸಿನಲ್ಲಿ ಎಷ್ಟು ಚೆನ್ನಾಗಿ ಕೂರುತ್ತದೆ ಎಂದು ತೋರಿಸಲು ಪ್ರತಿ ಪರ್ಸಿನಲ್ಲೂ ಒಂದು ಮಾದರಿ ಕಾರ್ಡು ಇಟ್ಟು ಮಾರಿದರು. ಆ ಮಾದರಿಯ ಮೇಲೆ ಅಚ್ಚಾಗಿದ್ದದ್ದು ಕಚೇರಿಯ ಕಾರ್ಯದರ್ಶಿ ಹಿಲ್ಡಾ ಶ್ರೇಡರ್ ವಿಚರ್ ಅವರ ನಿಜವಾದ ಸಂಖ್ಯೆ! ಕಾರ್ಡು ಅಸಲಿಯ ಅರ್ಧದಷ್ಟಿತ್ತು, ಕೆಂಪು ಶಾಯಿಯಲ್ಲಿತ್ತು, ಅಡ್ಡಕ್ಕೆ ‘ಮಾದರಿ’ ಎಂದು ಬರೆದೂ ಇತ್ತು. ಆದರೂ ಪರ್ಸ್ ಕೊಂಡವರು ಅದನ್ನೇ ತಮ್ಮ ಸಂಖ್ಯೆ ಅಂದುಕೊಂಡರು. 1943ರಲ್ಲಿ 5,755 ಮಂದಿ ಆ ಒಂದೇ ಸಂಖ್ಯೆಯನ್ನು ಬಳಸುತ್ತಿದ್ದರು. ವರ್ಷಗಳುದ್ದಕ್ಕೂ ಬಳಸಿದವರನ್ನು ಲೆಕ್ಕ ಹಾಕಿದರೆ 40,000ಕ್ಕೂ ಹೆಚ್ಚು. ಕೊನೆಗೆ ಸರ್ಕಾರ ಆ ಸಂಖ್ಯೆಯನ್ನೇ ರದ್ದು ಮಾಡಿ ಆಕೆಗೆ ಬೇರೆಯದು ಕೊಟ್ಟಿತು.

ಈ ಕಥೆಯಲ್ಲಿ ಕಳ್ಳರು ಇಲ್ಲ. ಆದರೆ ಗುರುತಿನ ಕಳ್ಳತನದ ಬೇರು ಇಲ್ಲೇ ಇದೆ. ಗುರುತಿನ ಸಂಖ್ಯೆ, ಹುಟ್ಟಿದ ದಿನ, ವಿಳಾಸ, ತಾಯಿಯ ಹೆಸರು ಇವೆಲ್ಲ ನಾವು ಯಾರೆಂದು ಹೇಳುವ ವಿವರಗಳು. ಎಷ್ಟೋ ಅರ್ಜಿಗಳಲ್ಲಿ ನಾವೇ ಕೈಯಾರೆ ಬರೆದುಕೊಟ್ಟಿದ್ದೇವೆ. ಅವು ಗುಟ್ಟಾಗಿ ಉಳಿಯುವ ಮಾತೇ ಇಲ್ಲ. ಎಡವಟ್ಟಾಗುವುದು ಎಲ್ಲಿ ಅಂದರೆ, ಆ ವಿವರಗಳನ್ನು ಒಪ್ಪಿಸಿದವನೇ ಅವುಗಳ ಒಡೆಯ ಎಂದು ಎದುರಿನ ಸಂಸ್ಥೆ ನಂಬಿಬಿಟ್ಟಾಗ. ಹೆಸರು ಬೇರೆ, ಬೀಗದ ಕೈ ಬೇರೆ. ಹೆಸರನ್ನೇ ಬೀಗದ ಕೈ ಮಾಡಿಕೊಂಡ ಜಾಗದಲ್ಲೆಲ್ಲ ಕಳ್ಳನಿಗೆ ದಾರಿ ಇದೆ.

ಇನ್ನೊಂದು ವಿಷಯ. 2017ರಲ್ಲಿ ಈಕ್ವಿಫ್ಯಾಕ್ಸ್ ಎಂಬ, ಜನರ ಸಾಲದ ಲೆಕ್ಕ ಇಡುವ ಅಮೆರಿಕದ ಕ್ರೆಡಿಟ್ ವರದಿ ಸಂಸ್ಥೆಯಿಂದ ಸುಮಾರು 14.7 ಕೋಟಿ ಜನರ ವಿವರ ಸೋರಿತು. ಆ ಜನರು ಯಾವ ಲಿಂಕನ್ನೂ ಒತ್ತಿರಲಿಲ್ಲ, ಯಾರಿಗೂ ಓಟಿಪಿ ಹೇಳಿರಲಿಲ್ಲ. ಹಾಗಾಗಿ ‘ಯಾವ ವಿವರವನ್ನೂ ಯಾರಿಗೂ ಕೊಡಬೇಡಿ’ ಎಂಬ ಬುದ್ಧಿಮಾತು ನನಗೆ ಅಷ್ಟಾಗಿ ಹಿಡಿಸುವುದಿಲ್ಲ. ಸೋರಿದ್ದು ಸೋರಿದೆ ಎಂದೇ ಇಟ್ಟುಕೊಳ್ಳೋಣ. ಸೋರಿದ್ದು ಕಳ್ಳನ ಕೆಲಸಕ್ಕೆ ಬಾರದಂತೆ ಮಾಡುವುದು ನಮ್ಮ ಕೈಯಲ್ಲಿದೆ. ಅದನ್ನು ಯಾವುದಾದ ಮೇಲೆ ಯಾವುದು ಎಂಬ ಕ್ರಮದಲ್ಲೇ ಹೇಳುತ್ತೇನೆ. ಮೊದಲ ಮೂರು ಹೆಜ್ಜೆಗೆ ಒಂದು ಸಂಜೆ ಸಾಕು. ಅಷ್ಟೂ ಪುರುಸೊತ್ತಿಲ್ಲದಿದ್ದರೆ ಮೊದಲನೆಯದೊಂದನ್ನಾದರೂ ಮಾಡಿ.

ಹೆಜ್ಜೆ 1: ಇಮೇಲ್‌ನಿಂದ ಶುರು ಮಾಡಿ, ಬ್ಯಾಂಕಿನಿಂದಲ್ಲ

ಬ್ಯಾಂಕಿನ ಪಾಸ್‌ವರ್ಡನ್ನು ಜೋಪಾನ ಮಾಡುವ ಜನ ಇಮೇಲ್‌ನ ಪಾಸ್‌ವರ್ಡನ್ನು ಹತ್ತು ವರ್ಷದಿಂದ ಮುಟ್ಟಿಯೇ ಇರುವುದಿಲ್ಲ. ‘ನನ್ನ ಮೇಲ್‌ನಲ್ಲಿ ಏನಿದೆ, ಬರೀ ಜಾಹೀರಾತು’ ಅನ್ನುತ್ತಾರೆ. ಒಂದು ಪರೀಕ್ಷೆ ಮಾಡಿ ನೋಡಿ. ನಿಮ್ಮ ಮೇಲ್‌ನ ಹುಡುಕಾಟದ ಜಾಗದಲ್ಲಿ ‘ಪಾಸ್‌ವರ್ಡ್’ ಅಂತ ಇಂಗ್ಲಿಷ್‌ನಲ್ಲಿ ಟೈಪ್ ಮಾಡಿ. ಬ್ಯಾಂಕು, ಶಾಪಿಂಗ್, ವಿಮೆ, ಫೋಟೋ ಇಡುವ ಜಾಗ, ಆರು ವರ್ಷದ ಹಿಂದೆ ಒಮ್ಮೆ ಬಳಸಿ ಮರೆತ ಆ್ಯಪ್, ಎಲ್ಲವೂ ಸಾಲಾಗಿ ಬಂದು ನಿಲ್ಲುತ್ತವೆ. ‘ಪಾಸ್‌ವರ್ಡ್ ಮರೆತಿರಾ?’ ಎಂಬುದನ್ನು ಒತ್ತಿದರೆ ಈ ಎಲ್ಲವುಗಳ ಉತ್ತರ ಬಂದು ಬೀಳುವುದು ಇದೇ ಇಮೇಲ್‌ಗೆ. ಮನೆಯ ಎಲ್ಲ ಕೋಣೆಗಳ ಬೀಗದ ಕೈಗಳನ್ನು ಒಂದೇ ಮೊಳೆಗೆ ನೇತುಹಾಕಿದ ಹಾಗೆ.

2012ರ ಆಗಸ್ಟ್‌ನಲ್ಲಿ ಮ್ಯಾಟ್ ಹೊನಾನ್ ಎಂಬ ತಂತ್ರಜ್ಞಾನ ಪತ್ರಕರ್ತರಿಗೆ ಆದದ್ದು ಈಗಲೂ ಇದಕ್ಕೆ ಒಳ್ಳೆಯ ಉದಾಹರಣೆ. ಕಳ್ಳರು ಮೊದಲು ಅಮೆಜಾನ್‌ಗೆ ಫೋನ್ ಮಾಡಿ ಅವರ ಖಾತೆಗೆ ಒಂದು ಹೊಸ ಕಾರ್ಡ್ ಸೇರಿಸಿದರು. ಮತ್ತೆ ಫೋನ್ ಮಾಡಿ ಅದೇ ಕಾರ್ಡನ್ನು ಪುರಾವೆಯಾಗಿ ಹೇಳಿ ಒಳಹೊಕ್ಕರು. ಅಲ್ಲಿ ಹೊನಾನ್ ಅವರ ಅಸಲಿ ಕಾರ್ಡಿನ ಕೊನೆಯ ನಾಲ್ಕು ಅಂಕಿ ಕಾಣುತ್ತಿತ್ತು. ಆ ನಾಲ್ಕು ಅಂಕಿ ಮತ್ತು ವಿಳಾಸ ಹೇಳಿದ್ದಕ್ಕೆ ಆಪಲ್‌ನ ಸಹಾಯವಾಣಿ ತಾತ್ಕಾಲಿಕ ಪಾಸ್‌ವರ್ಡ್ ಕೊಟ್ಟಿತು. ಆಪಲ್ ಖಾತೆಯಿಂದ ಜಿಮೇಲ್, ಜಿಮೇಲ್‌ನಿಂದ ಟ್ವಿಟರ್. ಅವರ ಫೋನು, ಟ್ಯಾಬ್ಲೆಟ್ಟು, ಲ್ಯಾಪ್‌ಟಾಪು ಎಲ್ಲವನ್ನೂ ದೂರದಿಂದಲೇ ಅಳಿಸಿಹಾಕಿದರು, ಲ್ಯಾಪ್‌ಟಾಪಿನಲ್ಲಿದ್ದ ಮಗಳ ಫೋಟೋಗಳೂ ಸೇರಿ. ಇಷ್ಟೆಲ್ಲ ಮಾಡಿದ್ದು ಯಾತಕ್ಕೆ ಅಂದರೆ, ಅವರ ಮೂರಕ್ಷರದ ಟ್ವಿಟರ್ ಹೆಸರು ಕಳ್ಳರಿಗೆ ಚೆನ್ನಾಗಿ ಕಂಡಿತ್ತು. ಕಳ್ಳನಿಗೊಂದು ಪಿಳ್ಳೆ ನೆವ!

ಒಂದು ಕಂಪನಿ ಆ ನಾಲ್ಕು ಅಂಕಿಗಳನ್ನು ಪರದೆಯ ಮೇಲೆ ತೋರಿಸಿದರೂ ಪರವಾಗಿಲ್ಲ ಅಂದುಕೊಂಡಿತ್ತು. ಇನ್ನೊಂದು ಕಂಪನಿ ಅವನ್ನೇ ಗುರುತಿನ ಪುರಾವೆ ಮಾಡಿಕೊಂಡಿತ್ತು. ಆ ಘಟನೆಯ ಬಳಿಕ ಎರಡೂ ಕಂಪನಿಗಳು ಫೋನಿನಲ್ಲಿ ಹೀಗೆ ಬದಲಾಯಿಸಿಕೊಡುವುದನ್ನು ನಿಲ್ಲಿಸಿದವು. ಆದರೆ ಇಂಥ ಸಂದುಗಳು ಯಾವುದೋ ಎರಡು ಕಂಪನಿಗಳ ನಡುವೆ ಇವತ್ತೂ ಇರುತ್ತವೆ. ಅವನ್ನು ಮುಚ್ಚುವುದು ನಮ್ಮ ಕೈಯಲ್ಲಿಲ್ಲ. ಎಲ್ಲ ದಾರಿಗಳೂ ಬಂದು ಸೇರುವ ಇಮೇಲ್ ಮಾತ್ರ ನಮ್ಮ ಕೈಯಲ್ಲಿದೆ.

ಈಗ ಕೆಲಸ. ಇಮೇಲ್‌ಗೆ ಬೇರೆಲ್ಲೂ ಬಳಸದ ಹೊಸ ಪಾಸ್‌ವರ್ಡ್ ಇಡಿ. ಬರೀ ಪಾಸ್‌ವರ್ಡಿನಿಂದ ಒಳಗೆ ಬಿಡದಂತೆ ಎರಡು ಹಂತದ ಪರಿಶೀಲನೆಯನ್ನು (ಪಾಸ್‌ವರ್ಡ್ ಆದ ಮೇಲೆ ಫೋನಿನ ಕೋಡನ್ನೂ ಕೇಳುವುದು) ಚಾಲೂ ಮಾಡಿ. ಆಮೇಲೆ ಸೆಟ್ಟಿಂಗ್ಸ್‌ನಲ್ಲಿ ಖಾತೆ ಮರಳಿ ಪಡೆಯಲು ಯಾವ ಇಮೇಲ್, ಯಾವ ಫೋನ್ ನಂಬರ್ ಕೊಟ್ಟಿದ್ದೀರಿ ನೋಡಿ. ಬಿಟ್ಟುಹೋದ ಕೆಲಸದ ಇಮೇಲೋ, ಎಂದೋ ನಿಂತುಹೋದ ನಂಬರೋ ಅಲ್ಲಿ ಕೂತಿರುವುದು ತೀರಾ ಸಾಮಾನ್ಯ. ಹೊನಾನ್ ಅವರ ಜಿಮೇಲ್ ಬಿದ್ದದ್ದು ಇದೇ ಹಿತ್ತಲ ಬಾಗಿಲಿನಿಂದ. ನಿಮ್ಮ ಖಾತೆಗೆ ಯಾವ ಯಾವ ಸಾಧನಗಳು ಲಾಗಿನ್ ಆಗಿವೆ ಎಂಬ ಪಟ್ಟಿಯೂ ಅಲ್ಲೇ ಇರುತ್ತದೆ. ಗುರುತು ಸಿಗದವನ್ನು ಹೊರಹಾಕಿ. ಕೊನೆಯದಾಗಿ ಫಾರ್ವರ್ಡಿಂಗ್ ಮತ್ತು ಫಿಲ್ಟರ್‌ಗಳ ಪುಟ ತೆರೆಯಿರಿ. ಒಳಹೊಕ್ಕ ಕಳ್ಳ ಅಲ್ಲಿ ಸದ್ದಿಲ್ಲದೆ ಒಂದು ನಿಯಮ ಬರೆದಿಟ್ಟು ಹೋಗಿರಬಹುದು: ಬ್ಯಾಂಕಿನಿಂದ ಬಂದ ಪ್ರತಿ ಮೇಲ್‌ನ ಪ್ರತಿ ತನಗೂ ಬರಲಿ, ಇಲ್ಲಿಂದ ಅಳಿದುಹೋಗಲಿ ಎಂದು. ಪಾಸ್‌ವರ್ಡ್ ಬದಲಿಸಿದರೂ ಆ ನಿಯಮ ತನ್ನ ಪಾಡಿಗೆ ಕೆಲಸ ಮಾಡುತ್ತಲೇ ಇರುತ್ತದೆ.

ಎರಡು ಹಂತ ಚಾಲೂ ಮಾಡುವಾಗ ಕೆಲವು ಬ್ಯಾಕಪ್ ಕೋಡ್‌ಗಳನ್ನು ಕೊಡುತ್ತಾರೆ. ಗೂಗಲ್ ಆದರೆ ಹತ್ತು. ಫೋನ್ ಕಳೆದ ದಿನ ನಿಮ್ಮನ್ನು ಕಾಪಾಡುವುದು ಅವೇ. ಫೋನಿನಲ್ಲೇ ಸ್ಕ್ರೀನ್‌ಶಾಟ್ ತೆಗೆದಿಟ್ಟರೆ ಏನೂ ಉಪಯೋಗವಿಲ್ಲ. ಕಾಗದದಲ್ಲಿ ಬರೆದು ಮನೆಯ ಕಪಾಟಿನಲ್ಲಿಡಿ.

ಹೆಜ್ಜೆ 2: ಫೋನ್ ನಂಬರ್ ನಿಮ್ಮದೇ ಅಂತ ಗಟ್ಟಿ ಮಾಡಿಕೊಳ್ಳಿ

2019ರ ಆಗಸ್ಟ್ 30ರಂದು ಟ್ವಿಟರ್‌ನ ಮುಖ್ಯಸ್ಥ ಜ್ಯಾಕ್ ಡಾರ್ಸಿ ಅವರ ಸ್ವಂತ ಖಾತೆಯಿಂದಲೇ ಅಸಹ್ಯ ಟ್ವೀಟ್‌ಗಳು ಬರತೊಡಗಿದವು. ಯಾರೋ ಅವರ ಫೋನ್ ನಂಬರನ್ನು ತಮ್ಮ ಹಿಡಿತಕ್ಕೆ ತೆಗೆದುಕೊಂಡು ಎಸ್ಸೆಮ್ಮೆಸ್ ಮೂಲಕ ಟ್ವೀಟ್ ಹಾಕಿದ್ದರು. ಇದಕ್ಕೆ ಸಿಮ್ ಸ್ವಾಪ್ ಅನ್ನುತ್ತಾರೆ. ‘ಸಿಮ್ ಕಳೆದಿದೆ, ಇದೇ ನಂಬರಿಗೆ ಹೊಸದು ಕೊಡಿ’ ಎಂದು ನಿಮ್ಮ ಹೆಸರಿನಲ್ಲಿ ಯಾರೋ ಕೇಳುತ್ತಾರೆ. ಕೊಟ್ಟ ಕ್ಷಣದಿಂದ ನಿಮ್ಮ ಕರೆ, ಓಟಿಪಿ ಎಲ್ಲ ಅವರ ಪಾಲು. ನಿಮ್ಮ ಫೋನು ನಿಮ್ಮ ಜೇಬಿನಲ್ಲೇ ಇರುತ್ತದೆ, ಸಿಗ್ನಲ್ ಮಾತ್ರ ಇರುವುದಿಲ್ಲ.

ಆದ್ದರಿಂದ ಅಕ್ಕಪಕ್ಕದವರ ಫೋನೆಲ್ಲ ಸರಿಯಾಗಿದ್ದು ನಿಮ್ಮದರಲ್ಲಿ ಮಾತ್ರ ಸಿಗ್ನಲ್ ಮಾಯವಾದರೆ, ಫೋನ್ ಒಮ್ಮೆ ಆಫ್ ಮಾಡಿ ಆನ್ ಮಾಡಿದರೂ ಬಾರದಿದ್ದರೆ, ಬೆಳಿಗ್ಗೆ ನೋಡೋಣ ಅಂತ ಮಲಗಬೇಡಿ. ಇನ್ನೊಬ್ಬರ ಫೋನಿನಿಂದ ಸಿಮ್ ಕಂಪನಿಗೆ ಕರೆ ಮಾಡಿ ‘ನನ್ನ ನಂಬರಿಗೆ ಹೊಸ ಸಿಮ್ ಕೊಟ್ಟಿದ್ದೀರಾ?’ ಎಂದು ಕೇಳಿ. ನಂತರದ ಕರೆ ಬ್ಯಾಂಕಿಗೆ.

ಮುಂಚೆಯೇ ಮಾಡಿಡಬೇಕಾದ್ದು ಇಷ್ಟು. ಸಿಮ್ ಬದಲಾವಣೆಗೆ ಅಥವಾ ಬೇರೆ ಕಂಪನಿಗೆ ನಂಬರ್ ಒಯ್ಯುವುದಕ್ಕೆ ಪ್ರತ್ಯೇಕ ಪಿನ್ ಅಥವಾ ಲಾಕ್ ಇಡುವ ಸೌಲಭ್ಯ ನಿಮ್ಮ ಸಿಮ್ ಕಂಪನಿಯಲ್ಲಿದೆಯೇ ಕೇಳಿ, ಇದ್ದರೆ ಹಾಕಿಸಿ. ಫೋನಿನ ಸೆಟ್ಟಿಂಗ್ಸ್‌ನಲ್ಲಿರುವ ಸಿಮ್ ಪಿನ್ ಇದಕ್ಕಿಂತ ಬೇರೆ. ಕದ್ದ ಫೋನಿನ ಸಿಮ್ ತೆಗೆದು ಇನ್ನೊಂದಕ್ಕೆ ಹಾಕಿ ಓಟಿಪಿ ತರಿಸಿಕೊಳ್ಳುವುದನ್ನು ಅದು ತಡೆಯುತ್ತದೆ. ಅದನ್ನು ಚಾಲೂ ಮಾಡುವ ಮುನ್ನ ಈಗಿರುವ ಪಿನ್ ಯಾವುದೆಂದು ಕಂಪನಿಯಿಂದ ತಿಳಿದುಕೊಳ್ಳಿ. ಮೂರು ಸಲ ತಪ್ಪಿದರೆ ಸಿಮ್ ಬೀಗ ಹಾಕಿಕೊಂಡು ಪಿಯುಕೆ ಎಂಬ ಬೀಗ ತೆಗೆಯುವ ಸಂಖ್ಯೆ ಕೇಳುತ್ತದೆ. ಅದನ್ನೂ ಹತ್ತು ಸಲ ತಪ್ಪಿದರೆ ಸಿಮ್ ಸತ್ತಂತೆಯೇ.

ಓಟಿಪಿ ಎಸ್ಸೆಮ್ಮೆಸ್‌ನಲ್ಲಿ ಬರುವ ಬದಲು ಆಥೆಂಟಿಕೇಟರ್ ಆ್ಯಪ್‌ನಲ್ಲಿ ಹುಟ್ಟುವಂತೆ ಮಾಡಿಕೊಳ್ಳಲು ಅವಕಾಶವಿದ್ದ ಕಡೆಯೆಲ್ಲ ಹಾಗೆ ಮಾಡಿ. 30 ಸೆಕೆಂಡಿಗೊಮ್ಮೆ ಬದಲಾಗುವ ಆರಂಕಿಯ ಕೋಡು ನಿಮ್ಮ ಫೋನಿನೊಳಗೇ ಲೆಕ್ಕ ಹಾಕಿ ಬರುತ್ತದೆ, ಅದಕ್ಕೆ ಸಿಗ್ನಲ್ಲೂ ಬೇಡ, ಇಂಟರ್ನೆಟ್ಟೂ ಬೇಡ. ಹಾಗಾಗಿ ಸಿಮ್ ಕದ್ದವನಿಗೆ ಅದು ಸಿಗುವುದಿಲ್ಲ.

ನಂಬರ್ ಬಿಡುವಾಗಲೂ ಜಾಗ್ರತೆ ಬೇಕು. ಬಿಟ್ಟ ನಂಬರನ್ನು ಕಂಪನಿ ಸ್ವಲ್ಪ ಕಾಲದ ನಂತರ ಇನ್ನೊಬ್ಬರಿಗೆ ಕೊಡುತ್ತದೆ. ಆ ನಂಬರ್ ಎಲ್ಲೆಲ್ಲಿ ಕೊಟ್ಟಿದ್ದೀರೋ ಅಲ್ಲೆಲ್ಲ ಹೊಸದನ್ನು ಸೇರಿಸಿ, ಹಳೆಯದನ್ನು ತೆಗೆದ ಮೇಲೆಯೇ ಬಿಡಿ.

ಇದರ ಜೊತೆ ಫೋನಿನ ಲಾಕ್. ನಾಲ್ಕಂಕಿಯ ಪಿನ್‌ಗಿಂತ ಆರಂಕಿ ಮೇಲು. ಜನರ ನಡುವೆ ನಿಂತಾಗ ಬೆರಳಚ್ಚೋ ಮುಖವೋ ಬಳಸಿ, ಪಿನ್ ಒತ್ತಬೇಡಿ. ಹಿಂದೆ ನಿಂತು ಪಿನ್ ನೋಡಿಕೊಂಡು ಆಮೇಲೆ ಫೋನ್ ಕಸಿದು ಓಡುವ ತಂಡಗಳಿವೆ. ಪಿನ್ ಗೊತ್ತಿದ್ದರೆ ಒಳಗಿನ ಖಾತೆಯ ಪಾಸ್‌ವರ್ಡನ್ನೂ ಬದಲಿಸಿಬಿಡಬಹುದಿತ್ತು. ಈ ಕಾರಣಕ್ಕೇ ಆಪಲ್ 2024ರ ಜನವರಿಯಲ್ಲಿ ಐಫೋನ್‌ಗೆ ಹೊಸ ರಕ್ಷಣೆ ತಂದಿತು. ಅದನ್ನು ಚಾಲೂ ಮಾಡಿದ್ದರೆ, ಪರಿಚಿತ ಜಾಗದಿಂದ ಹೊರಗಿದ್ದಾಗ ಖಾತೆಯ ಪಾಸ್‌ವರ್ಡ್ ಬದಲಿಸಲು ಪಿನ್ ಸಾಲದು, ಮುಖ ಅಥವಾ ಬೆರಳು ಬೇಕು, ಮೇಲಾಗಿ ಒಂದು ಗಂಟೆ ಕಾಯಬೇಕು. ಆಂಡ್ರಾಯ್ಡ್‌ನಲ್ಲೂ ಕಳ್ಳತನದಿಂದ ರಕ್ಷಣೆಯ ಸೆಟ್ಟಿಂಗ್ಸ್ ಬಂದಿವೆ. ಹುಡುಕಿ ಆನ್ ಮಾಡಿಡಿ.

ಹೆಜ್ಜೆ 3: ಪಾಸ್‌ವರ್ಡ್ ವಿಚಾರದಲ್ಲಿ ಹಳೆಯ ಪಾಠ ಮರೆತುಬಿಡಿ

ಮೂರು ತಿಂಗಳಿಗೊಮ್ಮೆ ಬದಲಿಸಿ, ಒಂದು ದೊಡ್ಡಕ್ಷರ, ಒಂದು ಅಂಕಿ, ಒಂದು ಚಿಹ್ನೆ ಇರಲಿ ಎಂದು ನಮಗೆಲ್ಲ ಕಲಿಸಿದರು. ನಾವು ಕೊನೆಯಲ್ಲಿದ್ದ 1ನ್ನು 2 ಮಾಡಿ ಮುಗಿಸಿದೆವು. ಅಮೆರಿಕದ ಮಾನದಂಡ ಸಂಸ್ಥೆ ನಿಸ್ಟ್ 2017ರಲ್ಲೇ ಈ ಎರಡೂ ನಿಯಮಗಳನ್ನು ಕೈಬಿಡಿ ಎಂದು ಹೇಳಿದೆ. ಸೋರಿದ ಸುಳಿವು ಸಿಕ್ಕಾಗ ಬದಲಿಸಿದರೆ ಸಾಕು. ಪಾಸ್‌ವರ್ಡ್ ಉದ್ದವಾಗಿರಬೇಕು, ಒಂದೊಂದು ಕಡೆಗೆ ಒಂದೊಂದಿರಬೇಕು. ಮುಖ್ಯವಾದ ಮಾತು ಎರಡನೆಯದು. ಯಾವುದೋ ಸಣ್ಣ ಜಾಲತಾಣದಿಂದ ನಿಮ್ಮ ಇಮೇಲ್ ಮತ್ತು ಪಾಸ್‌ವರ್ಡ್ ಸೋರಿದರೆ, ಕಳ್ಳರು ಅದೇ ಜೋಡಿಯನ್ನು ನೂರಾರು ಕಡೆ ಯಂತ್ರದ ಕೈಲಿ ಹಾಕಿಸಿ ನೋಡುತ್ತಾರೆ. ಎಲ್ಲ ಕಡೆಯೂ ಒಂದೇ ಇಟ್ಟವರು ಅಲ್ಲಿ ಸಿಕ್ಕಿಬೀಳುತ್ತಾರೆ.

ನೂರು ಪಾಸ್‌ವರ್ಡ್ ಯಾರಿಗೂ ನೆನಪಿರುವುದಿಲ್ಲ. ಪಾಸ್‌ವರ್ಡ್ ಮ್ಯಾನೇಜರ್ ಬಳಸಿ, ಅಂದರೆ ಎಲ್ಲ ಪಾಸ್‌ವರ್ಡ್‌ಗಳನ್ನು ನೆನಪಿಟ್ಟುಕೊಂಡು ತಾನೇ ತುಂಬುವ ಆ್ಯಪ್. ಫೋನಿನಲ್ಲಿ, ಬ್ರೌಸರ್‌ನಲ್ಲಿ ಮೊದಲೇ ಇರುವುದಾದರೂ ಆದೀತು. ಅದರ ಒಂದು ಗುಣ ನನಗೆ ಬಹಳ ಇಷ್ಟ. ನಿಮ್ಮ ಕಣ್ಣಿಗೆ ಬ್ಯಾಂಕಿನದ್ದೇ ಎಂಬಂತೆ ಕಾಣುವ ನಕಲಿ ಪುಟ ತೆರೆದುಕೊಂಡಾಗ ಅದು ಪಾಸ್‌ವರ್ಡನ್ನು ತುಂಬುವುದಿಲ್ಲ. ಬಣ್ಣ, ಲೋಗೋ ನೋಡಿ ಅದು ಮೋಸ ಹೋಗುವುದಿಲ್ಲ, ವಿಳಾಸವನ್ನು ಅಕ್ಷರ ಅಕ್ಷರವಾಗಿ ಹೋಲಿಸುತ್ತದೆ. ಎಂದೂ ತಾನಾಗಿ ತುಂಬುತ್ತಿದ್ದದ್ದು ಇವತ್ತು ಸುಮ್ಮನೆ ಕೂತರೆ, ಕೈಯಿಂದ ಟೈಪ್ ಮಾಡುವ ಮುನ್ನ ಮೇಲಿನ ವಿಳಾಸವನ್ನು ಓದಿ.

ಮ್ಯಾನೇಜರ್ ತೆರೆಯುವ ಮುಖ್ಯ ಪಾಸ್‌ವರ್ಡ್ ಮಾತ್ರ ನೆನಪಿರಬೇಕು. ಒಂದಕ್ಕೊಂದು ಸಂಬಂಧವಿಲ್ಲದ ಐದು ಪದ ಸಾಕು: ಏಣಿ, ಗುಡುಗು, ಸೂಜಿ, ನವಿಲು, ಬುಧವಾರ ಅಂದ ಹಾಗೆ. ಇದನ್ನೇ ಇಡಬೇಡಿ ಮತ್ತೆ, ಇದೀಗ ಓದಿದವರಿಗೆಲ್ಲ ಗೊತ್ತಾಗಿದೆ.

ಪಾಸ್‌ಕೀ ಎಂಬ, ಫೋನಿನ ಲಾಕ್ ತೆಗೆಯುವಂತೆ ಬೆರಳು, ಮುಖ ಅಥವಾ ಪಿನ್‌ನಿಂದಲೇ ಲಾಗಿನ್ ಆಗುವ ಹೊಸ ವ್ಯವಸ್ಥೆ ಎಲ್ಲಿ ಕಾಣಿಸಿದರೂ ಒಪ್ಪಿಕೊಳ್ಳಿ. ಅದರಲ್ಲಿ ಕದಿಯಲು ಪಾಸ್‌ವರ್ಡೇ ಇಲ್ಲ. ಗುಟ್ಟಿನ ಕೀಲಿ ನಿಮ್ಮ ಸಾಧನದಲ್ಲಿ ಅಥವಾ ನಿಮ್ಮ ಪಾಸ್‌ವರ್ಡ್ ಮ್ಯಾನೇಜರ್‌ನಲ್ಲೇ ಉಳಿಯುತ್ತದೆ, ನಕಲಿ ಪುಟಕ್ಕೆ ಅದು ಉತ್ತರವನ್ನೇ ಕೊಡುವುದಿಲ್ಲ. ಓಟಿಪಿಯನ್ನಾದರೆ ಮಾತಿನಲ್ಲಿ ಮರುಳು ಮಾಡಿ ಕೇಳಿಕೊಳ್ಳಬಹುದು, ಪಾಸ್‌ಕೀಯನ್ನು ಫೋನಿನಲ್ಲಿ ಓದಿ ಹೇಳಲು ಬರುವುದಿಲ್ಲ.

ಇನ್ನು ಆ ‘ಗುಟ್ಟಿನ ಪ್ರಶ್ನೆ’ಗಳು. ತಾಯಿಯ ಊರು ಯಾವುದು, ಮೊದಲ ಶಾಲೆ ಯಾವುದು. 2008ರಲ್ಲಿ ಅಮೆರಿಕದ ಉಪಾಧ್ಯಕ್ಷ ಸ್ಥಾನಕ್ಕೆ ಸ್ಪರ್ಧಿಸಿದ್ದ ಸಾರಾ ಪೇಲಿನ್ ಅವರ ಯಾಹೂ ಮೇಲ್‌ಗೆ ಒಬ್ಬ ಕಾಲೇಜು ಹುಡುಗ ನುಗ್ಗಿದ್ದು ಹೀಗೆಯೇ: ಹುಟ್ಟಿದ ದಿನ, ಊರಿನ ಅಂಚೆ ಸಂಖ್ಯೆ, ಗಂಡನನ್ನು ಮೊದಲು ಭೇಟಿಯಾದದ್ದು ಎಲ್ಲಿ ಎಂಬುದನ್ನು ಇಂಟರ್ನೆಟ್‌ನಲ್ಲಿ ಹುಡುಕಿ ತುಂಬಿದ, ಅಷ್ಟೆ. ಈ ಪ್ರಶ್ನೆಗಳಿಗೆ ನಿಜ ಹೇಳಲೇಬೇಕೆಂಬ ಕಾನೂನಿಲ್ಲ. ಮೊದಲ ಶಾಲೆ ‘ಹಸಿರು ಛತ್ರಿ 71’ ಎಂದು ಬರೆದು ಅದನ್ನೂ ಪಾಸ್‌ವರ್ಡ್ ಮ್ಯಾನೇಜರ್‌ನಲ್ಲಿಡಿ.

ಹೆಜ್ಜೆ 4: ದಾಖಲೆಯ ಪ್ರತಿ ಕೊಡುವಾಗ

ಒಮ್ಮೆ ಗುರುತಿನ ಚೀಟಿಯ ಪ್ರಿಂಟ್ ತೆಗೆಸಲು ಜೆರಾಕ್ಸ್ ಅಂಗಡಿಗೆ ಹೋಗಿದ್ದೆ. ಫೈಲು ಕಳಿಸಿ ಅಂದರು, ಕಳಿಸಿದೆ. ನನ್ನದನ್ನು ಹುಡುಕಲು ಅವರು ಕಂಪ್ಯೂಟರಿನಲ್ಲಿ ಡೌನ್‌ಲೋಡ್ಸ್ ತೆರೆದಾಗ ಪರದೆಯ ತುಂಬ ಮುಖಗಳು. ಮದುವೆಯ ಪ್ರಮಾಣಪತ್ರ, ಅಂಕಪಟ್ಟಿ, ಬ್ಯಾಂಕ್ ಸ್ಟೇಟ್‌ಮೆಂಟು, ಎರಡೂ ಬದಿ ಸ್ಕ್ಯಾನ್ ಮಾಡಿದ ಗುರುತಿನ ಚೀಟಿಗಳು. ‘ನನ್ನದು ಅಳಿಸಿಬಿಡಿ’ ಅಂದೆ. ಅಳಿಸಿದರು. ಅದು ಹೋಗಿ ರಿಸೈಕಲ್ ಬಿನ್‌ನಲ್ಲಿ ಕೂತಿತು. ಅಲ್ಲಿಂದಲೂ ತೆಗೆಸಿದೆ. ಹೊರಗೆ ಬಂದ ಮೇಲೆ ನೆನಪಾಯಿತು, ನಾನು ಕಳಿಸಿದ ಮೆಸೇಜು ಅವರ ಚಾಟ್‌ನಲ್ಲಿ ಇನ್ನೂ ಇದೆ. ತಿರುಗಿ ಹೋದೆ. ಅವರದು ಕೆಟ್ಟ ಮನಸ್ಸೇನಲ್ಲ, ಅಳಿಸಲು ಯಾರೂ ಕೇಳಿರಲಿಲ್ಲ ಅಷ್ಟೆ.

ಅಂದಿನಿಂದ ಮೂರು ರೂಢಿ ಮಾಡಿಕೊಂಡಿದ್ದೇನೆ. ಕೊಡುವ ಪ್ರತಿಯ ಮೇಲೆ, ಫೋಟೋ ಮತ್ತು ಸಂಖ್ಯೆಯ ಮೂಲಕ ಹಾದುಹೋಗುವಂತೆ, ಯಾರಿಗೆ, ಯಾವ ಕೆಲಸಕ್ಕೆ, ಯಾವ ತಾರೀಖು ಎಂದು ಪೆನ್ನಿನಿಂದ ಅಡ್ಡಡ್ಡ ಬರೆಯುತ್ತೇನೆ. ‘ಬಾಡಿಗೆ ಕರಾರಿಗೆ ಮಾತ್ರ’ ಎಂದು ಮುಖದ ಮೇಲೆಯೇ ಬರೆದ ಕಾಗದ ಹಿಡಿದು ಸಾಲ ಕೇಳಲು ಹೋಗುವುದು ಕಷ್ಟ. ಮೂಲೆಯಲ್ಲಿ ಬರೆದರೆ ಕತ್ತರಿಸಿಬಿಡುತ್ತಾರೆ. ಎರಡನೆಯದು, ಕೊಡುವ ಮುಂಚೆ ‘ತೋರಿಸಿದರೆ ಸಾಕೇ, ಪ್ರತಿ ಇಟ್ಟುಕೊಳ್ಳಲೇಬೇಕೇ?’ ಎಂದು ಕೇಳುತ್ತೇನೆ. ಬಹಳ ಸಲ ತೋರಿಸಿದರೆ ಸಾಕಾಗುತ್ತದೆ. ಮೂರನೆಯದು, ಫೈಲು ಕಳಿಸಿದರೆ ಕೆಲಸ ಮುಗಿದ ಮೇಲೆ ಎರಡೂ ಕಡೆಯಿಂದ ಅಳಿಸುವುದು.

ಫೋನಿನಲ್ಲಿ ಸಂಖ್ಯೆ ಮರೆಮಾಡುವಾಗ ಹೈಲೈಟರ್‌ನಂಥ ತೆಳು ಕುಂಚ ಬಳಸಬೇಡಿ. ನಾಲ್ಕು ಸಲ ಬಳಿದರೂ ಬೆಳಕು ಹೆಚ್ಚಿಸಿದರೆ ಕೆಳಗಿನ ಅಂಕಿಗಳು ಎದ್ದು ಕಾಣಬಹುದು. ಪೂರ್ತಿ ಕಪ್ಪು ಚೌಕ ಇಡಿ. 2023ರ ಮಾರ್ಚ್‌ನಲ್ಲಿ ಗೂಗಲ್‌ನ ಪಿಕ್ಸೆಲ್ ಫೋನುಗಳ ಚಿತ್ರ ತಿದ್ದುವ ಸಾಧನದಲ್ಲಿ ಒಂದು ದೋಷ ಬಯಲಾಯಿತು: ಕತ್ತರಿಸಿ ಉಳಿಸಿದ ಸ್ಕ್ರೀನ್‌ಶಾಟ್‌ಗಳಲ್ಲಿ ಕತ್ತರಿಸಿದ ಭಾಗವೂ ಫೈಲಿನೊಳಗೆ ಉಳಿದಿರುತ್ತಿತ್ತು, ಬಲ್ಲವರು ಅದನ್ನು ಮರಳಿ ತೆಗೆಯಬಹುದಿತ್ತು. ನಂತರ ಸರಿಪಡಿಸಿದರು. ಆದರೂ ಮರೆಮಾಡಿದ ಚಿತ್ರವನ್ನು ಪರದೆಯ ಮೇಲೆ ತೆರೆದು ಮತ್ತೊಮ್ಮೆ ಸ್ಕ್ರೀನ್‌ಶಾಟ್ ತೆಗೆದು, ಆ ಎರಡನೆಯದನ್ನು ಏನನ್ನೂ ಕತ್ತರಿಸದೆ ಕಳಿಸುವುದೇ ನನ್ನ ಅಭ್ಯಾಸ.

ಬೇಡವಾದ ಕಾಗದಗಳನ್ನು ಹರಿದು ಹಾಕಿ, ಸಂಖ್ಯೆಯ ಸಾಲು ಎರಡು ತುಂಡಾಗುವಂತೆ. ಈ ವಿಷಯದಲ್ಲಿ ಇದಕ್ಕಿಂತ ಹೆಚ್ಚು ಹೇಳುವುದೇನಿಲ್ಲ.

ಹೆಜ್ಜೆ 5: ಕರೆ ಬಂದರೆ ಇಟ್ಟುಬಿಡಿ, ನೀವೇ ತಿರುಗಿ ಮಾಡಿ

ಸೋರಿದ ವಿವರಗಳಿಂದ ಕಳ್ಳನಿಗೆ ಸಿಗುವ ದೊಡ್ಡ ಲಾಭ ನಿಮ್ಮ ನಂಬಿಕೆ. ನಿಮ್ಮ ಪೂರ್ತಿ ಹೆಸರು, ವಿಳಾಸ, ಕಾರ್ಡಿನ ಕೊನೆಯ ನಾಲ್ಕು ಅಂಕಿ ಹೇಳಿ ‘ಬ್ಯಾಂಕಿನಿಂದ ಮಾತಾಡುತ್ತಿದ್ದೇನೆ’ ಅಂದರೆ ಯಾರಾದರೂ ನಂಬುತ್ತಾರೆ. ಪರದೆಯ ಮೇಲೆ ಬ್ಯಾಂಕಿನ ಹೆಸರೇ ಕಂಡರೂ ಅದನ್ನು ನಕಲು ಮಾಡಬಹುದು. ಅವನು ಸಾಚಾನೋ ಅಲ್ಲವೋ ಎಂದು ಮಾತಿನಲ್ಲೇ ಪತ್ತೆ ಹಚ್ಚಲು ಹೋಗಬೇಡಿ, ಮಾತು ಅವನ ಕಸುಬು. ‘ಆಯಿತು, ನಾನೇ ಬ್ಯಾಂಕಿಗೆ ಮಾಡುತ್ತೇನೆ’ ಎಂದು ಇಟ್ಟು, ಕಾರ್ಡಿನ ಹಿಂಬದಿಯ ನಂಬರಿಗೆ ಮಾಡಿ. ಅವನು ಕೊಟ್ಟ ನಂಬರಿಗಲ್ಲ. ನಿಜವಾದ ಬ್ಯಾಂಕಿನವರು ಇದಕ್ಕೆ ಬೇಸರ ಮಾಡಿಕೊಳ್ಳುವುದಿಲ್ಲ. ‘ಇಡಬೇಡಿ, ಇಟ್ಟರೆ ಹಣ ಹೋಗುತ್ತದೆ’ ಎಂದು ಒತ್ತಾಯ ಮಾಡಿದರೆ ಅಲ್ಲಿಗೆ ಉತ್ತರ ಸಿಕ್ಕಿತು.

ಈಗ ದನಿ, ಮುಖಗಳನ್ನೂ ನಂಬುವಂತಿಲ್ಲ. 2024ರ ಆರಂಭದಲ್ಲಿ ಹಾಂಗ್‌ಕಾಂಗ್ ಪೊಲೀಸರು ಹೇಳಿದ ಪ್ರಕರಣದಲ್ಲಿ, ಒಬ್ಬ ಉದ್ಯೋಗಿ ವಿಡಿಯೊ ಕರೆಯಲ್ಲಿ ಹಣಕಾಸು ಮುಖ್ಯಸ್ಥರನ್ನೂ ಸಹೋದ್ಯೋಗಿಗಳನ್ನೂ ಕಣ್ಣಾರೆ ಕಂಡು ಸುಮಾರು 20 ಕೋಟಿ ಹಾಂಗ್‌ಕಾಂಗ್ ಡಾಲರ್ ಕಳಿಸಿಬಿಟ್ಟರು. ಕರೆಯಲ್ಲಿದ್ದ ಮುಖಗಳೆಲ್ಲ ನಕಲಿ. ಮನೆಯವರೆಲ್ಲ ಸೇರಿ ಒಂದು ಗುಪ್ತಪದ ಇಟ್ಟುಕೊಳ್ಳಿ. ‘ಅಪ್ಪಾ, ಅಪಘಾತ ಆಗಿದೆ, ಇದು ಫ್ರೆಂಡ್ ನಂಬರ್, ಹಣ ಕಳಿಸು’ ಎಂದು ಮಗನದೇ ದನಿ ಬಂದರೆ ಆ ಪದ ಕೇಳಿ. ಅದನ್ನು ಬಾಯಿಮಾತಿನಲ್ಲಷ್ಟೇ ಹೇಳಿಕೊಳ್ಳಿ, ಚಾಟ್‌ನಲ್ಲಿ ಬರೆಯಬೇಡಿ.

ಸಾಮಾಜಿಕ ಜಾಲತಾಣದಲ್ಲಿ ಹುಟ್ಟಿದ ಪೂರ್ತಿ ತಾರೀಖು ಬೇಡ. ಲತಾನ್ಯಾ ಸ್ವೀನಿ ಎಂಬ ಸಂಶೋಧಕಿ 2000ದಲ್ಲಿ ಲೆಕ್ಕ ಹಾಕಿದ ಹಾಗೆ, ಅಂಚೆ ಸಂಖ್ಯೆ, ಲಿಂಗ, ಹುಟ್ಟಿದ ತಾರೀಖು ಈ ಮೂರರಿಂದಲೇ ಅಮೆರಿಕದ ಶೇ 87ರಷ್ಟು ಜನರನ್ನು ಬೇರ್ಪಡಿಸಿ ಗುರುತಿಸಬಹುದು. ಶುಭಾಶಯ ಬೇಕಿದ್ದರೆ ದಿನ, ತಿಂಗಳು ಇರಲಿ, ಇಸವಿ ತೆಗೆಯಿರಿ.

ಹೆಜ್ಜೆ 6: ಆಗಾಗ ಇಣುಕಿ ನೋಡಿ

ಗುರುತಿನ ಕಳ್ಳತನ ಜೇಬುಗಳ್ಳತನದ ಹಾಗೆ ಕೂಡಲೇ ಗೊತ್ತಾಗುವುದಿಲ್ಲ. ಹಿಲ್ಡಾ ಅವರ ಸಂಖ್ಯೆ ರದ್ದಾಗಿ ದಶಕಗಳೇ ಕಳೆದಿದ್ದರೂ 1977ರಲ್ಲಿ ಇನ್ನೂ 12 ಮಂದಿ ಅದನ್ನೇ ಬಳಸುತ್ತಿದ್ದರು! ಒಮ್ಮೆ ಹೊರಬಿದ್ದ ಸಂಖ್ಯೆಗೆ ಅಷ್ಟು ಆಯುಸ್ಸು. ಆದ್ದರಿಂದ ಕಾವಲೂ ಸಣ್ಣದಾಗಿ, ಬಹಳ ಕಾಲ ನಡೆಯಬೇಕು.

ಎಷ್ಟೇ ಸಣ್ಣ ಮೊತ್ತವಾದರೂ ಪ್ರತಿ ವ್ಯವಹಾರಕ್ಕೂ ಸಂದೇಶ ಬರುವಂತೆ ಬ್ಯಾಂಕಿನಲ್ಲಿ ಹೇಳಿಡಿ. ಕಳ್ಳರು ಮೊದಲು ಚಿಲ್ಲರೆ ಮೊತ್ತ ಎಳೆದು ಕಾರ್ಡ್ ಜೀವಂತವಾಗಿದೆಯೇ ನೋಡುತ್ತಾರೆ. ನಿಮ್ಮ ಕ್ರೆಡಿಟ್ ವರದಿಯನ್ನು ವರ್ಷಕ್ಕೆ ಒಂದೆರಡು ಸಲ ತರಿಸಿಕೊಳ್ಳಿ. ಅದರಲ್ಲಿ ಅಂಕ ಎಷ್ಟು ಎಂಬುದನ್ನು ಆಮೇಲೆ ನೋಡಬಹುದು. ಮೊದಲು ‘ವಿಚಾರಣೆ’ಗಳ ಪಟ್ಟಿ ನೋಡಿ. ಸಾಲಕ್ಕೆ ಅರ್ಜಿ ಬಿದ್ದ ಕೂಡಲೇ ಅಲ್ಲಿ ಒಂದು ಸಾಲು ಸೇರುತ್ತದೆ. ನೀವು ಹೆಸರೇ ಕೇಳದ ಸಂಸ್ಥೆ ನಿಮ್ಮ ವರದಿ ನೋಡಿದ್ದರೆ, ಯಾರೋ ನಿಮ್ಮ ಹೆಸರಿನಲ್ಲಿ ಕೈ ಚಾಚಿರಬಹುದು. ಕೆಲವು ದೇಶಗಳಲ್ಲಿ ಈ ವರದಿಯನ್ನೇ ಯಾರಿಗೂ ಸಿಗದಂತೆ ಫ್ರೀಜ್ ಮಾಡಿಸಬಹುದು. ಅಮೆರಿಕದಲ್ಲಿ 2018ರ ಸೆಪ್ಟೆಂಬರ್‌ನಿಂದ ಇದು ಉಚಿತ. ವರದಿ ಸಿಗದೆ ಹೊಸ ಸಾಲ ಸಿಗುವುದು ಕಷ್ಟ, ಹಾಗಾಗಿ ಸೌಲಭ್ಯ ಇರುವ ಕಡೆ ಇದಕ್ಕಿಂತ ಗಟ್ಟಿ ಬೇಲಿ ಇನ್ನೊಂದಿಲ್ಲ. ನಿಮಗೇ ಸಾಲ ಬೇಕಾದಾಗ ತೆಗೆಸಿಕೊಳ್ಳಬಹುದು.

ನಿಮ್ಮ ಇಮೇಲ್ ಯಾವ ಯಾವ ಸೋರಿಕೆಯಲ್ಲಿ ಸಿಕ್ಕಿದೆ ಎಂದು ‘ಹ್ಯಾವ್ ಐ ಬೀನ್ ಪೋನ್ಡ್’ ಎಂಬ ತಾಣದಲ್ಲಿ ನೋಡಬಹುದು. ಟ್ರಾಯ್ ಹಂಟ್ ಎಂಬ ಭದ್ರತಾ ತಜ್ಞರು 2013ರಲ್ಲಿ ಶುರು ಮಾಡಿದ್ದು, ಹೊಸ ಸೋರಿಕೆಯಾದಾಗ ನಿಮಗೆ ಮೇಲ್ ಬರುವಂತೆಯೂ ಮಾಡಿಕೊಳ್ಳಬಹುದು. ಐದಾರು ಕಡೆ ಹೆಸರು ಕಂಡರೆ ಹೌಹಾರಬೇಡಿ. ಆ ಜಾಗಗಳ ಪಾಸ್‌ವರ್ಡ್ ಬದಲಿಸಿ, ಬೇಡದ ಖಾತೆಗಳನ್ನು ಮುಚ್ಚಿ.

ಮಕ್ಕಳ ಹೆಸರಿನ ದಾಖಲೆಗಳನ್ನೂ ನೋಡಿ. ಮಗುವಿನ ಹೆಸರಿನಲ್ಲಿ ಸಾಲ ಇದೆಯೇ ಎಂದು ಹದಿನೆಂಟು ವರ್ಷದವರೆಗೆ ಯಾರೂ ಹುಡುಕುವುದಿಲ್ಲ, ಕಳ್ಳನಿಗೆ ಬೇಕಾದ್ದೂ ಅದೇ. ತೀರಿಹೋದವರ ಖಾತೆ, ಸಿಮ್, ಕಾರ್ಡುಗಳದ್ದೂ ಇದೇ ಕಥೆ. ದುಃಖದ ನಡುವೆ ಯಾರಿಗೂ ನೆನಪಾಗುವುದಿಲ್ಲ, ಮನೆಯಲ್ಲಿ ಒಬ್ಬರಾದರೂ ಪಟ್ಟಿ ಮಾಡಿಕೊಂಡು ಮುಚ್ಚಿಸಬೇಕು.

ಆಗಲೇ ಆಗಿಹೋಗಿದ್ದರೆ

ನಿಮಗೆ ಗೊತ್ತಿಲ್ಲದ ಸಾಲದ ವಸೂಲಿಗೆ ಕರೆ ಬಂದಿದೆ ಅಥವಾ ಖಾತೆಯಿಂದ ಹಣ ಹೋಗಿದೆ ಅಂದುಕೊಳ್ಳಿ. ಮೊದಲ ಕರೆ ಬ್ಯಾಂಕಿಗೆ ಅಥವಾ ಆ ಸಾಲ ಕೊಟ್ಟ ಸಂಸ್ಥೆಯ ಮೋಸ ತಡೆ ವಿಭಾಗಕ್ಕೆ. ತಡವಾದಷ್ಟೂ ಹಣ ಕೈ ಬದಲಿಸುತ್ತ ಹೋಗುತ್ತದೆ. ಎರಡನೆಯದು, ಕಳ್ಳ ಇನ್ನೂ ಒಳಗಿರಬಹುದಾದ ಫೋನನ್ನೋ ಕಂಪ್ಯೂಟರನ್ನೋ ಬಿಟ್ಟು ಬೇರೊಂದು ಸಾಧನದಿಂದ ಇಮೇಲ್ ಪಾಸ್‌ವರ್ಡ್ ಬದಲಿಸಿ, ಎಲ್ಲ ಕಡೆಯಿಂದ ಲಾಗೌಟ್ ಮಾಡಿಸಿ, ಮೇಲೆ ಹೇಳಿದ ಫಾರ್ವರ್ಡಿಂಗ್ ಪುಟ ನೋಡಿ. ಮೂರನೆಯದು ಪೊಲೀಸ್ ದೂರು. ಕಳ್ಳ ಸಿಗುತ್ತಾನೋ ಇಲ್ಲವೋ, ‘ಈ ಸಾಲ ನನ್ನದಲ್ಲ’ ಎಂದು ಮುಂದೆ ವಾದಿಸುವಾಗ ದೂರಿನ ಪ್ರತಿ ಕೈಯಲ್ಲಿರಲೇಬೇಕು. ನಾಲ್ಕನೆಯದು ಕ್ರೆಡಿಟ್ ವರದಿ ಸಂಸ್ಥೆಗೆ ಬರಹದಲ್ಲಿ ತಕರಾರು.

ಒಂದು ನೋಟ್‌ಬುಕ್ ಬೇರೆ ಇಡಿ. ಪ್ರತಿ ಕರೆಯ ತಾರೀಖು, ಗಂಟೆ, ಮಾತಾಡಿದವರ ಹೆಸರು, ಅವರು ಏನೆಂದರು, ದೂರಿನ ಸಂಖ್ಯೆ ಯಾವುದು ಎಂದು ಬರೆಯುತ್ತ ಹೋಗಿ. ಒಂದೇ ಕಥೆಯನ್ನು ಹತ್ತು ಜನರಿಗೆ ಹೇಳಬೇಕಾಗುತ್ತದೆ, ಮೂರನೇ ವಾರಕ್ಕೆ ಯಾರು ಏನು ಹೇಳಿದರೆಂದು ನಿಮಗೇ ಕಲಸಿಹೋಗುತ್ತದೆ. ‘ಕನಿಷ್ಠ ಮೊತ್ತವಾದರೂ ಕಟ್ಟಿಬಿಡಿ, ಆಮೇಲೆ ನೋಡೋಣ’ ಎಂದು ವಸೂಲಿಯವರು ಹೇಳಿದರೆ ಕಟ್ಟಬೇಡಿ. ಕಟ್ಟಿದರೆ ಸಾಲ ನಿಮ್ಮದೆಂದು ಒಪ್ಪಿಕೊಂಡಿದ್ದೀರಿ ಎಂದು ವಾದ ಹೂಡಲು ಅವರಿಗೆ ಒಂದು ಎಳೆ ಸಿಗುತ್ತದೆ. ಸಾಲ ನಿಮ್ಮದಲ್ಲವೆಂದು ಒಪ್ಪಿಕೊಂಡ ಪ್ರತಿ ಸಂಸ್ಥೆಯಿಂದಲೂ ಪತ್ರ ಪಡೆಯಿರಿ. ಬಾಯಿಮಾತಿನ ಭರವಸೆ ಸಾಲದು. ಅಳಿಸಿದ ಸಾಲ ವರ್ಷದ ನಂತರ ಇನ್ನೊಂದು ವಸೂಲಿ ಕಂಪನಿಯ ಪಟ್ಟಿಯಲ್ಲಿ ಮತ್ತೆ ತಲೆಯೆತ್ತಬಹುದು, ಆಗ ಕಳಿಸಲು ಆ ಪತ್ರದ ಪ್ರತಿ ಬೇಕು.

ಕೆಲವು ದಿನ ಬಿಟ್ಟು ಇನ್ನೊಂದು ಕರೆ ಬರಬಹುದು. ‘ನಿಮ್ಮ ದೂರು ನಮ್ಮ ಬಳಿ ಬಂದಿದೆ, ಕಳೆದ ಹಣ ವಾಪಸ್ ಕೊಡಿಸುತ್ತೇವೆ, ಸಣ್ಣ ಶುಲ್ಕ ಕಟ್ಟಬೇಕು’ ಅನ್ನುತ್ತಾರೆ. ಒಮ್ಮೆ ಮೋಸ ಹೋದವರ ಪಟ್ಟಿಯನ್ನೂ ಮಾರುವವರಿದ್ದಾರೆ. ದೂರಿನ ಸಂಖ್ಯೆಯನ್ನು ಸರಿಯಾಗಿ ಹೇಳಿದರೂ ಸರಿ, ಫೋನ್ ಇಟ್ಟು, ನಿಮ್ಮ ನೋಟ್‌ಬುಕ್ಕಿನಲ್ಲಿರುವ ಠಾಣೆಯ ನಂಬರಿಗೆ ನೀವೇ ಕರೆ ಮಾಡಿ.